ಜರ್ಮನ್ ಪದಗಳಿಗೆ ರಟ್ಟಿನ ಕಾರ್ಡೋ, ಆಂಕಿ ಆಪೋ?

ದಾವಣಗೆರೆಯಲ್ಲಿ ನರ್ಸಿಂಗ್ ಮುಗಿಸಿ ಜರ್ಮನ್ ಕಲಿಯುವವರಿಗೆ ಶುರುವಿನಲ್ಲಿ ನನ್ನ ಓಟು ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ರಟ್ಟಿನ ಕಾರ್ಡಿಗೆ. ಕೈಯಾರೆ ಬರೆಯುವಾಗಲೇ ಅರ್ಧ ಕಲಿತಿರುತ್ತೀರಿ. ಜರ್ಮನ್ ನಾಮಪದಕ್ಕೆ ಡೆರ್, ಡೀ, ಡಾಸ್ ಎಂದು ಮೂರು ಲಿಂಗ. ಒಂದೊಂದಕ್ಕೂ ಒಂದು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಹಾಗೆ ಕೆಲವು ಡಬ್ಬಗಳನ್ನೂ ಜೋಡಿಸಿ: ಸರಿ ಹೇಳಿದ ಕಾರ್ಡ್ ಮುಂದಿನ ಡಬ್ಬಕ್ಕೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮೊದಲನೆಯದನ್ನು ದಿನಾ ನೋಡಬೇಕು, ಕೊನೆಯದನ್ನು ಅಪರೂಪಕ್ಕೆ.

ಪದಗಳು ಸಾವಿರ ದಾಟಿದರೆ ಇದೇ ಕಾರ್ಡುಗಳನ್ನು ಫೋನಿನಲ್ಲಿ ತೋರಿಸುವ ಆಂಕಿಯೇ ಸರಿ. ಯಾವ ಕಾರ್ಡ್ ಯಾವಾಗ ಎಂದು ಅದೇ ಲೆಕ್ಕ ಹಾಕುತ್ತದೆ, ಉಚ್ಚಾರಣೆಯ ಆಡಿಯೋ ಕೂಡ ಸೇರಿಸಬಹುದು. ಆಂಡ್ರಾಯ್ಡ್‌ನಲ್ಲಿ ಫ್ರೀ, ಐಫೋನಿನಲ್ಲಿ ದುಡ್ಡು. ಹರಿಹರದಿಂದ ಬಸ್ಸಲ್ಲಿ ನಿಂತುಕೊಂಡು ಬರುವವರಿಗೆ ಡಬ್ಬ ತೆರೆಯಲಾದೀತೇ? ಬೇರೆಯವರು ಮಾಡಿಟ್ಟ ಡೆಕ್ (ಕಾರ್ಡುಗಳ ಕಟ್ಟು) ಮಾತ್ರ ಇಳಿಸಿಕೊಳ್ಳಬೇಡಿ, ಸುಮ್ನೆ ಬೆರಳು ಓಡಿಸುತ್ತೀರಿ ಅಷ್ಟೇ.