ನರ್ಸಿಂಗ್‌ಗೆ ಮುನ್ನ ಒಂದು ಸೆಮಿಸ್ಟರ್ ಕೆಮಿಸ್ಟ್ರಿ: ಅಮೆರಿಕದ ಜಿಓಬಿ ಕೋರ್ಸಿನ ವಿಮರ್ಶೆ

ಅಮೆರಿಕದಲ್ಲಿ ನರ್ಸಿಂಗ್, ಡೆಂಟಲ್ ಹೈಜೀನ್, ಡಯಟೆಟಿಕ್ಸ್ ಓದಬೇಕೆನ್ನುವವರು ಅರ್ಜಿ ಹಾಕುವ ಮೊದಲೇ ಮುಗಿಸಬೇಕಾದ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಒಂದು ಕೆಮಿಸ್ಟ್ರಿ ಇರುತ್ತದೆ. ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳು) ಅದಕ್ಕೆ ನಾನಾ ಹೆಸರು, ನಾನಾ ನಂಬರು. ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಜಿಓಬಿ: ಜನರಲ್, ಆರ್ಗ್ಯಾನಿಕ್, ಬಯಾಲಾಜಿಕಲ್ ಮೂರೂ ಒಟ್ಟಿಗೆ. ಹೆಚ್ಚಿನ ಕಡೆ 4 ಕ್ರೆಡಿಟ್. ವಾರಕ್ಕೆ ಮೂರು ಗಂಟೆ ಪಾಠ, ಮೂರು ಗಂಟೆ ಲ್ಯಾಬ್, 15-16 ವಾರ. ಕೆಲವು ಕಾಲೇಜುಗಳು ಇದನ್ನೇ ಎರಡು ಸೆಮಿಸ್ಟರಿಗೆ ಹಂಚುತ್ತವೆ. ಸೇರಲು ಸಾಮಾನ್ಯವಾಗಿ ಆಲ್ಜೀಬ್ರಾ ಪಾಸಾಗಿದ್ದರೆ ಸಾಕು.

ದುಡ್ಡು ಕಟ್ಟುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮುಂದೆ ಮೆಡಿಕಲ್, ಡೆಂಟಲ್ ಅಥವಾ ಫಾರ್ಮಸಿ ಸೇರುವ ಯೋಚನೆಯಿದ್ದರೆ ಈ ಕೋರ್ಸ್ ಬೇಡ. ಅಲ್ಲಿ ಕೇಳುವುದು ವಿಜ್ಞಾನದ ವಿದ್ಯಾರ್ಥಿಗಳು ಓದುವ ಎರಡು ಸೆಮಿಸ್ಟರಿನ ಜನರಲ್ ಕೆಮಿಸ್ಟ್ರಿ, ಅದರ ಮೇಲೆ ಆರ್ಗ್ಯಾನಿಕ್. ಜಿಓಬಿಯಲ್ಲಿ ಎ ಗ್ರೇಡ್ ಬಂದರೂ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಮೊದಲಿಂದ ಶುರು. ನರ್ಸಿಂಗ್ ಎಂದು ನಿರ್ಧಾರವಾಗಿದ್ದರೆ ಇದು ಒಳ್ಳೆಯ ಕೋರ್ಸು. ಆದರೆ ಎಲ್ಲ ಸೆಕ್ಷನ್ನುಗಳೂ (ಅದೇ ಕೋರ್ಸಿನ ಬೇರೆ ಬೇರೆ ತರಗತಿಗಳು) ಒಂದೇ ಸಮ ಒಳ್ಳೆಯವಲ್ಲ, ಅದನ್ನು ಸಿಲಬಸ್‌ನ ವಾರದ ಪಟ್ಟಿಯಿಂದಲೇ ಅಳೆಯಬಹುದು. ಎಲೆಕ್ಟ್ರಾನ್ ವಿನ್ಯಾಸ, ಆರ್ಬಿಟಲ್‌ಗಳಿಗೇ ಮೂರು ವಾರ ಕೊಟ್ಟು, ದ್ರಾವಣ ಮತ್ತು ಆಮ್ಲ-ಪ್ರತ್ಯಾಮ್ಲ ಎರಡನ್ನೂ ಒಂದೇ ವಾರದಲ್ಲಿ ತುರುಕಿದ್ದರೆ ಬೇರೆ ಸೆಕ್ಷನ್ ಹುಡುಕಿ. ವಾರ್ಡಿನಲ್ಲಿ ಕೈಗೆ ಬರುವುದು ಆ ಎರಡು ಅಧ್ಯಾಯಗಳೇ.

ಮೊದಲ ತಿಂಗಳು ಪೂರ್ತಿ ಯೂನಿಟ್ಟುಗಳ ಲೆಕ್ಕ. ಇದೇನು ಹೈಸ್ಕೂಲ್ ಗಣಿತ ಎಂದು ಹಗುರವಾಗಿ ತೆಗೆದುಕೊಂಡವರೇ ಮೊದಲ ಪರೀಕ್ಷೆಯಲ್ಲಿ ಮುಗ್ಗರಿಸುತ್ತಾರೆ. ಒಂದು ಲೆಕ್ಕ ನೋಡಿ: ಮಗುವಿನ ತೂಕ 44 ಪೌಂಡ್, ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂನಂತೆ, ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 160 ಮಿಲಿಗ್ರಾಂ. 44 ಅನ್ನು 2.2ರಿಂದ ಭಾಗಿಸಿದರೆ 20 ಕಿಲೋ. 20ಕ್ಕೆ 15ರಂತೆ 300 ಮಿಲಿಗ್ರಾಂ. 300 ಗುಣಿಸು 5, ಭಾಗಿಸು 160, ಉತ್ತರ ಸುಮಾರು 9.4 ಮಿಲಿಲೀಟರ್. ಪೌಂಡನ್ನು ಕಿಲೋಗೆ ತಿರುಗಿಸುವುದು ಮರೆತರೆ 660 ಮಿಲಿಗ್ರಾಂ, ಅಂದರೆ 20 ಮಿಲಿಲೀಟರಿಗೂ ಮೇಲೆ. ಮಗುವಿಗೆ ಎರಡು ಪಟ್ಟಿಗಿಂತ ಹೆಚ್ಚು ಔಷಧಿ. ಇದಕ್ಕೇ ಒಳ್ಳೆಯ ಮೇಷ್ಟ್ರುಗಳು ಬರೀ ಉತ್ತರಕ್ಕೆ ಅಂಕ ಕೊಡುವುದಿಲ್ಲ. ಪ್ರತಿ ಸಂಖ್ಯೆಯ ಪಕ್ಕ ಯೂನಿಟ್ ಬರೆದು, ಮೇಲೆ ಕೆಳಗೆ ಹೊಡೆದುಹಾಕಿ, ಕೊನೆಗೆ ಮಿಲಿಲೀಟರ್ ಒಂದೇ ಉಳಿದಿದೆಯೆಂದು ತೋರಿಸಬೇಕು. ಕಿರಿಕಿರಿ ಅನ್ನಿಸುತ್ತದೆ, ನಿಜ. ಆದರೂ ಇಡೀ ಕೋರ್ಸಿನಲ್ಲಿ ಇಷ್ಟು ಬೆಲೆ ಬಾಳುವ ಅಭ್ಯಾಸ ಇನ್ನೊಂದಿಲ್ಲ.

ಪರೀಕ್ಷೆಗೆ ಫೋನ್ ಬಿಡುವುದಿಲ್ಲ, ಟಿಐ-30 ತರಹದ ಸಾದಾ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಅದರಲ್ಲಿ ಘಾತಾಂಕದ ಗುಂಡಿಯನ್ನು (ಇಇ) ಮೊದಲೇ ರೂಢಿ ಮಾಡಿಕೊಳ್ಳಿ. 10ರ ಮೇಲೆ 23 ಎಂದು ಕೊಡಲು ‘10 ಇಇ 23’ ಎಂದು ಒತ್ತಿದರೆ ಯಂತ್ರ ಅದನ್ನು ಹತ್ತು ಪಟ್ಟು ದೊಡ್ಡದಾಗಿ ತಿಳಿಯುತ್ತದೆ. ಒತ್ತಬೇಕಾದ್ದು ‘1 ಇಇ 23’. ಉತ್ತರ ಸರಿಯಾಗಿ ಹತ್ತು ಪಟ್ಟು ತಪ್ಪಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ದ್ರಾವಣಗಳ ಅಧ್ಯಾಯ ಈ ಕೋರ್ಸಿನ ಜೀವ. ಆಸ್ಪತ್ರೆಯ ನಾರ್ಮಲ್ ಸಲೈನ್ 0.9%, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ಸೋಡಿಯಂ ಕ್ಲೋರೈಡಿನ ಮೋಲಾರ್ ತೂಕ (ಒಂದು ಮೋಲಿನ ತೂಕ, ಗ್ರಾಂನಲ್ಲಿ) 58.44, ಭಾಗಿಸಿದರೆ 0.154 ಮೋಲ್. ಒಂದೊಂದು ಘಟಕವೂ ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದರಿಂದ 308 ಮಿಲಿಆಸ್ಮೋಲ್ (ಲೀಟರಿನಲ್ಲಿ ಕರಗಿದ ಒಟ್ಟು ಕಣಗಳ ಅಳತೆ), ಚೀಲದ ಮೇಲೂ ಅದೇ ಸಂಖ್ಯೆ ಅಚ್ಚಾಗಿರುತ್ತದೆ. ಈಗ 5% ಡೆಕ್ಸ್‌ಟ್ರೋಸ್ (ಗ್ಲೂಕೋಸಿನದೇ ಇನ್ನೊಂದು ಹೆಸರು) ತೆಗೆದುಕೊಳ್ಳಿ: ಲೀಟರಿಗೆ 50 ಗ್ರಾಂ, ಗ್ಲೂಕೋಸಿನ ಮೋಲಾರ್ ತೂಕ 180, ಉತ್ತರ 278 ಬರಬೇಕು. ಚೀಲದ ಮೇಲೆ ನೋಡಿದರೆ 252! ಲೆಕ್ಕ ತಪ್ಪಿಲ್ಲ. ಚೀಲಕ್ಕೆ ಹಾಕುವುದು ಒಂದು ಅಣು ನೀರು ಅಂಟಿಕೊಂಡ ಡೆಕ್ಸ್‌ಟ್ರೋಸ್, ಅದರ ಮೋಲಾರ್ ತೂಕ 198. ಇಂಥ ಉದಾಹರಣೆಯನ್ನು ತರಗತಿಗೆ ತರುವ ಮೇಷ್ಟ್ರು ಸಿಕ್ಕರೆ ಅದೃಷ್ಟ. ಹೆಚ್ಚಿನವರು ಪುಸ್ತಕದ ಸಕ್ಕರೆ ನೀರಿಗೇ ನಿಲ್ಲಿಸುತ್ತಾರೆ.

ಇದೇ ಅಧ್ಯಾಯದಲ್ಲಿ ಬರುವ ಮಿಲಿಇಕ್ವಿವಲೆಂಟ್ ಹಲವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಯಾನಿನ ವಿದ್ಯುದಂಶದಿಂದ ಮಿಲಿಮೋಲನ್ನು ಗುಣಿಸಿದರೆ ಆಯಿತು: ಪೊಟ್ಯಾಸಿಯಂ 1 ಮಿಲಿಮೋಲ್ ಅಂದರೆ 1, ಕ್ಯಾಲ್ಸಿಯಂ 1 ಮಿಲಿಮೋಲ್ ಅಂದರೆ 2. ವೈದ್ಯರು 20 ಮಿಲಿಇಕ್ವಿವಲೆಂಟ್ ಪೊಟ್ಯಾಸಿಯಂ ಕ್ಲೋರೈಡ್ ಬರೆದರೆ ಅದು ಸುಮಾರು 1.5 ಗ್ರಾಂ.

ಆಮ್ಲ-ಪ್ರತ್ಯಾಮ್ಲದಲ್ಲಿ ಬಫರ್ (ಪಿಎಚ್ ಹೆಚ್ಚು ಕದಲದಂತೆ ಹಿಡಿಯುವ ಮಿಶ್ರಣ) ಸಮೀಕರಣವನ್ನು ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುವ ಸೆಕ್ಷನ್ನುಗಳು ಬಹಳ. ರಕ್ತದ ಸಂಖ್ಯೆಗಳನ್ನು ಹಾಕಿ ನೋಡಿದರೆ ಮಾತ್ರ ಅದು ಮನಸ್ಸಿಗೆ ಇಳಿಯುತ್ತದೆ. ಬೈಕಾರ್ಬೊನೇಟ್ 24, ಇಂಗಾಲದ ಡೈಆಕ್ಸೈಡಿನ ಒತ್ತಡ 40, 40ನ್ನು 0.03ರಿಂದ ಗುಣಿಸಿದರೆ 1.2, 24 ಭಾಗಿಸು 1.2, ಇಪ್ಪತ್ತು. ಇಪ್ಪತ್ತರ ಲಾಗ್ 1.3, ಅದಕ್ಕೆ ಸಮೀಕರಣದ ಸ್ಥಿರಾಂಕ 6.1 ಕೂಡಿಸಿ: ಪಿಎಚ್ 7.4. ಗಾಬರಿಯಿಂದ ಏದುಸಿರು ಬಿಡುವ ರೋಗಿಯಲ್ಲಿ ಆ 40 ಎನ್ನುವುದು 20ಕ್ಕೆ ಇಳಿಯಿತು ಅನ್ನಿ, ಬೈಕಾರ್ಬೊನೇಟ್ ಇನ್ನೂ ಬದಲಾಗಿಲ್ಲ. ಪಿಎಚ್ ಸರ್ರನೆ 7.7ಕ್ಕೆ ಏರುತ್ತದೆ. ಸಹಜ ಮಿತಿ 7.35ರಿಂದ 7.45. ಮುಂದೆ ನರ್ಸಿಂಗಿನಲ್ಲಿ ರಕ್ತದ ಗ್ಯಾಸ್ ರಿಪೋರ್ಟ್ ಓದುವಾಗ ಈ ಒಂದು ಲೆಕ್ಕ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆ.

ಲ್ಯಾಬಿನಲ್ಲಿ ಎರಡು ಪ್ರಯೋಗ ಇದ್ದೇ ಇರುತ್ತವೆ ಎಂದುಕೊಳ್ಳಬಹುದು. ಒಂದು, ವಿನೆಗರ್ ಟೈಟ್ರೇಶನ್: ಪ್ರತ್ಯಾಮ್ಲವನ್ನು ಹನಿಹನಿಯಾಗಿ ಸೇರಿಸಿ ಆಮ್ಲ ಎಷ್ಟಿದೆಯೆಂದು ಅಳೆಯುವುದು. ಅಂಗಡಿಯ 5% ವಿನೆಗರ್ ಸುಮಾರು 0.83 ಮೋಲಾರ್, 5 ಮಿಲಿಲೀಟರ್ ತೆಗೆದುಕೊಂಡರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 42 ಮಿಲಿಲೀಟರ್ ಬೇಕು. ಬ್ಯುರೆಟ್ಟಿನ (ಕೆಳಗೆ ನಲ್ಲಿಯಿರುವ ಅಳತೆಯ ಗಾಜಿನ ಕೊಳವೆ) ತುದಿಯಲ್ಲಿ ಗಾಳಿಗುಳ್ಳೆ ಕೂತಿದ್ದು ಮಧ್ಯದಲ್ಲಿ ಹೊರಬಿದ್ದರೆ, ಆ ಜಾಗ ತುಂಬಿದ ದ್ರಾವಣವೂ ರೀಡಿಂಗಿಗೆ ಸೇರಿ ಆಮ್ಲ ಹೆಚ್ಚಿದೆಯೆಂದು ತೋರುತ್ತದೆ. ಶುರು ಮಾಡುವ ಮುನ್ನ ನಲ್ಲಿ ಪೂರ್ತಿ ತಿರುಗಿಸಿ ಒಂದಿಷ್ಟು ಚೆಲ್ಲಿಬಿಡಿ. ಬ್ಯುರೆಟ್ಟನ್ನು ನೀರಿನಿಂದ ತೊಳೆದು ಹಾಗೇ ತುಂಬಬೇಡಿ, ಅದೇ ದ್ರಾವಣದಿಂದ ಒಮ್ಮೆ ಜಾಲಿಸಿ. ಒಳಗೆ ಉಳಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ. ಬಣ್ಣದ ಸೂಚಕ ಫಿನಾಲ್ಫ್ತಲೀನ್ ತೀರಾ ತಿಳಿ ಗುಲಾಬಿಗೆ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು. ಆಮೇಲೆ ಬಣ್ಣ ಮಾಸಿದರೆ ಇನ್ನೊಂದು ಹನಿ ಹಾಕಲು ಹೋಗಬೇಡಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಹಾಗಾಗುತ್ತದೆ. ಗಾಢ ಗುಲಾಬಿ ಬಂದಿದ್ದರೆ ದಾಟಿಹೋಗಿದ್ದೀರಿ, ಮತ್ತೆ ಮಾಡಬೇಕು.

ಇನ್ನೊಂದು ಆಸ್ಪಿರಿನ್ ತಯಾರಿಕೆ. 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 5 ಮಿಲಿಲೀಟರ್ ಅಸಿಟಿಕ್ ಅನ್‌ಹೈಡ್ರೈಡ್, ಐದು ಹನಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ, ಬಿಸಿನೀರಿನಲ್ಲಿ ಹತ್ತು-ಹದಿನೈದು ನಿಮಿಷ, ಆಮೇಲೆ ಐಸ್. ಲೆಕ್ಕದ ಪ್ರಕಾರ ಹೆಚ್ಚೆಂದರೆ 2.61 ಗ್ರಾಂ ಸಿಗಬೇಕು. 3 ಗ್ರಾಂ ಬಂತೆಂದು ಖುಷಿಪಟ್ಟು ವರದಿ ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದು ಒಣಗದ ಹರಳಿನ ನೀರಿನ ತೂಕ. ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಂದರೆ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ. ಫ್ಲಾಸ್ಕ್ ಒದ್ದೆಯಿದ್ದರೂ ಇದೇ ಗತಿ: ಅನ್‌ಹೈಡ್ರೈಡಿನ ಒಂದು ಪಾಲು ನೀರಿನೊಡನೆ ಸೇರಿ ವ್ಯರ್ಥವಾಗುತ್ತದೆ.

ಆರ್ಗ್ಯಾನಿಕ್ ಭಾಗಕ್ಕೆ ಹೆದರಬೇಕಾಗಿಲ್ಲ. ಇಲ್ಲಿ ಮೆಕ್ಯಾನಿಸಂ (ಕ್ರಿಯೆ ಹಂತಹಂತವಾಗಿ ನಡೆಯುವ ಬಗೆ), ಅದರ ಬಾಣದ ಗುರುತು ಯಾವುದೂ ಇಲ್ಲ, ಅಣುವಿನ ಗುಣ ನಿರ್ಧರಿಸುವ ಕ್ರಿಯಾಗುಂಪುಗಳನ್ನು ಗುರುತಿಸಿದರೆ ಸಾಕು. ಮರಗಟ್ಟಿಸುವ ಔಷಧಿಗಳನ್ನೇ ನೋಡಿ: ಪ್ರೊಕೇನ್ ಎಸ್ಟರ್, ಲಿಡೊಕೇನ್ ಅಮೈಡ್. ಮೊದಲನೆಯದು ರಕ್ತದಲ್ಲೇ ಬೇಗ ಒಡೆಯುತ್ತದೆ, ಎರಡನೆಯದಕ್ಕೆ ಯಕೃತ್ತು ಬೇಕು. ಬಯೋಕೆಮಿಸ್ಟ್ರಿ ಮಾತ್ರ ಹೆಚ್ಚಿನ ಸೆಕ್ಷನ್ನುಗಳಲ್ಲಿ ಕೊನೆಯ ಮೂರು ವಾರದ ಓಟ, ಇದು ಕೋರ್ಸಿನ ದೊಡ್ಡ ಕೊರತೆ. ಎರಡು ಸೆಮಿಸ್ಟರಿನ ರೂಪ ಸಿಗುವ ಹಾಗಿದ್ದರೆ ಈ ಕಾರಣಕ್ಕೇ ಅದನ್ನು ಆರಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಹೋದವರಿಗೆ ಮೋಲ್, ಸಮತೋಲನ, ಆರ್ಗ್ಯಾನಿಕ್ ಎಲ್ಲವೂ ಕಂಡದ್ದೇ. ಪಿಯುಸಿಯಲ್ಲಿ ಓದಿದ್ದು ಇದಕ್ಕಿಂತ ಆಳ. ಹೊಸದೆಂದರೆ ಪೌಂಡ್, ಫ್ಯಾರನ್‌ಹೀಟ್, ಮಿಲಿಇಕ್ವಿವಲೆಂಟ್, ಮತ್ತೆ ಪ್ರತಿ ಉತ್ತರದಲ್ಲೂ ಸಾರ್ಥಕ ಅಂಕಿಗಳನ್ನು ಎಣಿಸುವ ಹಟ. ಆದರೆ ಪಿಯುಸಿಯನ್ನು ಅಲ್ಲಿ ಹೈಸ್ಕೂಲ್ ಮಟ್ಟವೆಂದೇ ಎಣಿಸುವುದರಿಂದ ಕ್ರೆಡಿಟ್ ಸಿಗುವುದಿಲ್ಲ. ಬಿಎಸ್ಸಿಯ ಅಂಕಪಟ್ಟಿಯನ್ನು ಮೌಲ್ಯಮಾಪನ ಮಾಡಿಸಿದರೆ ಸಿಗಬಹುದು, ಆದರೂ ಐದು ಅಥವಾ ಏಳು ವರ್ಷಕ್ಕಿಂತ ಹಳೆಯ ವಿಜ್ಞಾನದ ಕೋರ್ಸುಗಳನ್ನು ಒಪ್ಪದ ನರ್ಸಿಂಗ್ ವಿಭಾಗಗಳು ಸಾಕಷ್ಟಿವೆ. ಗ್ರೇಡ್ ಕೂಡ ಸಾಮಾನ್ಯವಾಗಿ ‘ಸಿ’ಗಿಂತ ಕೆಳಗಿರಬಾರದು.

ಆನ್‌ಲೈನ್ ಸೆಕ್ಷನ್ ಮನೆಯ ಕೆಲಸದ ನಡುವೆ ಅನುಕೂಲ. ಆದರೆ ಮನೆಗೆ ಕಿಟ್ ಕಳಿಸಿ ಮಾಡಿಸುವ ಲ್ಯಾಬನ್ನು ಕೆಲವು ವಿಭಾಗಗಳು ಒಪ್ಪುವುದಿಲ್ಲ. ಸೇರಬೇಕೆಂದಿರುವ ನರ್ಸಿಂಗ್ ವಿಭಾಗದ ಅಡ್ವೈಸರಿಗೆ ಕೋರ್ಸ್ ನಂಬರ್ ಸಮೇತ ಇಮೇಲ್ ಮಾಡಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಬೇಸಿಗೆಯ ಎಂಟು ವಾರದ ಸೆಕ್ಷನ್ ಗಣಿತ ಚುರುಕಿರುವವರಿಗೆ ಮಾತ್ರ, ವಾರಕ್ಕೆ ಎರಡು ಲ್ಯಾಬ್ ವರದಿ ಬರೆಯಬೇಕಾಗುತ್ತದೆ.

ಪುಸ್ತಕದ ಖರ್ಚಿನಲ್ಲಿ ಉಳಿಸುವ ದಾರಿ ಇದೆ, ಮೋಸಹೋಗುವ ದಾರಿಯೂ ಇದೆ. ಹೋಮ್‌ವರ್ಕ್ ಪ್ರಕಾಶಕರ ವೆಬ್‌ಸೈಟಿನಲ್ಲಾದರೆ ಅದಕ್ಕೊಂದು ಕೋಡ್ ಬೇಕು, ಒಬ್ಬರು ಬಳಸಿದ ಕೋಡ್ ಇನ್ನೊಬ್ಬರಿಗೆ ಆಗದು. ಹಾಗಾಗಿ ಅಗ್ಗವೆಂದು ಹಳೆಯ ಪುಸ್ತಕ ಕೊಂಡವರು ಕೋಡಿಗೆ ಮತ್ತೆ ದುಡ್ಡು ಸುರಿಯುತ್ತಾರೆ, ಮತ್ತು ಕೋಡಿನ ಜೊತೆ ಇ-ಪುಸ್ತಕ ಹೇಗೂ ಬಂದಿರುತ್ತದೆ. ಮೊದಲ ತರಗತಿ ಮುಗಿಯುವವರೆಗೆ ಪುಸ್ತಕ, ಕೋಡ್ ಯಾವುದನ್ನೂ ಕೊಳ್ಳಬೇಡಿ. ಕೆಲವು ಪ್ರಕಾಶಕರು ಆರಂಭದ ಎರಡು ವಾರ ಪುಕ್ಕಟೆ ಬಳಸಲು ಬಿಡುತ್ತಾರೆ. ಕೋರ್ಸ್ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ ಸಿಗುವ ಕೊನೆಯ ದಿನ ಕಾಲೇಜಿನಿಂದ ಕಾಲೇಜಿಗೆ ಬೇರೆ, ಅದನ್ನೂ ಮೊದಲೇ ನೋಡಿಕೊಳ್ಳಿ. ಮೊದಲ ದಿನವೇ ಕೊಳ್ಳಬೇಕಾದ್ದು ಲ್ಯಾಬಿನ ಕನ್ನಡಕ ಮತ್ತು ಕ್ಯಾಲ್ಕುಲೇಟರ್. ಕನ್ನಡಕ ಪಕ್ಕದಿಂದಲೂ ದ್ರವ ಒಳಬಾರದಂತೆ ಮುಚ್ಚುವಂಥದ್ದಾಗಿರಲಿ, ಪಾದ ಪೂರ್ತಿ ಮುಚ್ಚುವ ಶೂ ಹಾಕಿಹೋಗಿ. ಚಪ್ಪಲಿಯಲ್ಲಿ ಹೋದರೆ ಲ್ಯಾಬಿನ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ, ಆ ದಿನದ ಅಂಕ ಸೊನ್ನೆ.