ಏಳು ಚಳಿಗಾಲ, ಒಂದೇ ರೈಫಲ್: ಕಯೋಟಿ ಬೇಟೆಗೆ 53 ಗ್ರೇನ್ ಗುಂಡಿನ ದೀರ್ಘ ಬಳಕೆಯ ವಿಮರ್ಶೆ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಶ್ಚಿಮ ಸೀಮೆಯಲ್ಲಿ ನಾನು ನೆಲೆಸಿ ಹತ್ತು ವರ್ಷಗಳಾದವು. ಇವುಗಳಲ್ಲಿ ಏಳು ಚಳಿಗಾಲ, ಹಸುಗಳು ಕರು ಹಾಕುವ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ನೆರೆಯಲ್ಲಿ ದನ ಸಾಕುವ ಜಮೀನುದಾರರ ಕೋರಿಕೆಯಂತೆ ಅವರ ಜಮೀನಿನಲ್ಲಿ, ಕರುಗಳಿಗೆ ಅಪಾಯ ತರುವ ಕಯೋಟಿ ಎಂಬ ನರಿಯಂಥ ಪ್ರಾಣಿಯ ಬೇಟೆ ಮಾಡಿದ್ದೇನೆ. ಬೇಸಿಗೆಯಲ್ಲಿ ಅದೇ ಹುಲ್ಲುಗಾವಲನ್ನು ಬಿಲ ತೋಡಿ ಹಾಳುಮಾಡುವ, ಅಳಿಲಿನ ಜಾತಿಯ ಪ್ರೇರಿ ಡಾಗ್‌ಗಳನ್ನು ಹೊಡೆದಿದ್ದೇನೆ. ಇಷ್ಟೂ ಕಾಲ ಬಳಸಿದ್ದು ಒಂದೇ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಅಗುಳಿ ಎಳೆದು ತೋಟೆ ಏರಿಸುವ) ರೈಫಲ್. ಅದು .223 ರೆಮಿಂಗ್ಟನ್ ತೋಟೆಯದು, ನಳಿಗೆ 22 ಅಂಗುಲ ಉದ್ದದ್ದು. ಬದಲಾದದ್ದು ಗುಂಡಿನ ತೂಕ ಮಾತ್ರ. 40, 50, 53, 55, 60 ಗ್ರೇನ್‌ಗಳನ್ನು ಒಂದೊಂದಾಗಿ ಬಳಸಿ, ಪ್ರತಿ ಈಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಕೊನೆಗೆ ಹಾರ್ನಡಿ ಕಂಪನಿಯ ಸೂಪರ್‌ಫಾರ್ಮನ್ಸ್ ವಾರ್ಮಿಂಟ್ (ವಾರ್ಮಿಂಟ್ ಎಂದರೆ ಉಪದ್ರವಿ ಪ್ರಾಣಿ) ತೋಟೆಯಲ್ಲಿರುವ 53 ಗ್ರೇನ್ ವಿ-ಮ್ಯಾಕ್ಸ್ ಗುಂಡಿಗೆ ಬಂದು ನಿಂತಿದ್ದೇನೆ. ಏಕೆ ನಿಂತೆ ಎನ್ನುವುದೇ ಈ ವಿಮರ್ಶೆಯ ವಿಷಯ.

ಊರಿನಲ್ಲಿರುವ ಓದುಗರಿಗೆ ಮೊದಲೇ ಒಂದು ಮಾತು. ಕಯೋಟಿಯು ನಮ್ಮ ಗುಳ್ಳೆನರಿಯ ಹತ್ತಿರದ ಬಂಧು. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನರಿಗೂ ರಕ್ಷಣೆ ಕೊಟ್ಟಿದೆ, ಆದ್ದರಿಂದ ಇಲ್ಲಿ ಬರೆದಿರುವುದು ಯಾವುದೂ ಅಲ್ಲಿಗೆ ಅನ್ವಯಿಸುವುದಿಲ್ಲ. ಕ್ಯಾನ್ಸಸ್‌ನಲ್ಲಿ ಬೇಟೆಯ ಪರವಾನಗಿ ಇದ್ದವರು ವರ್ಷವಿಡೀ ಕಯೋಟಿಯನ್ನು ಬೇಟೆಯಾಡಬಹುದು. ಕೆಲಸದ ವೀಸಾದ ಮೇಲೆ ಇಲ್ಲಿಗೆ ಬಂದಿರುವ ನಮ್ಮ ಹುಡುಗರು ಗಮನಿಸಬೇಕಾದ ಸಂಗತಿಯೆಂದರೆ, ಗ್ರೀನ್ ಕಾರ್ಡ್ ಇಲ್ಲದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಮತ್ತು ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಆ ನಿಷೇಧಕ್ಕಿರುವ ಮುಖ್ಯ ವಿನಾಯಿತಿಗಳಲ್ಲಿ ಒಂದು. ಗೆಳೆಯರ ಕೋವಿಯನ್ನು ಸುಮ್ಮನೆ ಕೈಗೆತ್ತಿಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು.

ಗ್ರೇನ್ ಎಂಬುದು ಬಹಳ ಸಣ್ಣ ಅಳತೆ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. 40 ಗ್ರೇನ್ ಗುಂಡು 2.6 ಗ್ರಾಂ ತೂಗಿದರೆ 55 ಗ್ರೇನಿನದು 3.6 ಗ್ರಾಂ ತೂಗುತ್ತದೆ. ಈ ಒಂದು ಗ್ರಾಂ ಅಂತರದಲ್ಲಿ ಏನಿದೆ ಎಂದು ಆರಂಭದಲ್ಲಿ ನನಗೂ ಅನ್ನಿಸಿತ್ತು. ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಣ್ಣಿಗೆ ಬೀಳುವುದು ವೇಗದ ಅಂಕಿ: 40 ಗ್ರೇನಿನದು ಸೆಕೆಂಡಿಗೆ 3800 ಅಡಿ, 55 ಗ್ರೇನಿನದು 3240 ಅಡಿ. ಲೆಕ್ಕ ಹಾಕಿದರೆ ನಳಿಗೆಯ ತುದಿಯಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ, ಸುಮಾರು 1280 ಅಡಿ-ಪೌಂಡ್. ಶಕ್ತಿ ಸಮವಾಗಿರುವಾಗ ವೇಗದ್ದೇ ಮೇಲು ಎಂದು ತೀರ್ಮಾನಿಸಿ, ಮೊದಲ ವರ್ಷ ನಾನು 40 ಗ್ರೇನನ್ನೇ ಕೊಂಡೆ.

ಪ್ರೇರಿ ಡಾಗ್‌ಗೆ ಆ ಆಯ್ಕೆ ತಪ್ಪಾಗಿರಲಿಲ್ಲ. ಆ ಪ್ರಾಣಿ ಒಂದು ಕಿಲೋ ಆಸುಪಾಸು ತೂಗುತ್ತದೆ. ತೆಳುಗವಚದ ಗುಂಡು ತಗುಲಿದ ಕ್ಷಣವೇ ಒಡೆದು ಚೂರಾಗುತ್ತದೆ, ಪ್ರಾಣಿ ನರಳುವುದಿಲ್ಲ. ಹಗುರ ಗುಂಡಿಗೆ ಒದೆತ ಕಡಿಮೆ, ಹಾಗಾಗಿ ಈಡು ಹೋದ ಮೇಲೂ ದುರ್ಬೀನಿನ ಗಾಜಿನಲ್ಲಿ ಗುರಿ ಕಾಣುತ್ತಲೇ ಇರುತ್ತದೆ. ಮುಖ್ಯವಾಗಿ, ಒಡೆದ ಗುಂಡು ನೆಲಕ್ಕೆ ತಾಗಿ ಪುಟಿದು ದೂರ ಹೋಗುವ ಸಂಭವ ಕಡಿಮೆಯಾಗುತ್ತದೆ. ಚಪ್ಪಟೆ ಬಯಲಿನಲ್ಲಿ, ಅರ್ಧ ಮೈಲಿ ಆಚೆ ದನಗಳು ಮೇಯುತ್ತಿರುವಲ್ಲಿ, ಇದು ಸಣ್ಣ ಗುಣವಲ್ಲ. ಕಡಿಮೆಯಾಗುತ್ತದೆ ಎಂದೆನೇ ಹೊರತು ಇಲ್ಲವೇ ಇಲ್ಲ ಎಂದಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಇಂದಿಗೂ ನಾನು ಕೋವಿಯ ಕುದುರೆ (ಟ್ರಿಗರ್) ಒತ್ತುವುದಿಲ್ಲ.

ಕಯೋಟಿಯ ವಿಷಯ ಬೇರೆ. ನಮ್ಮ ಬಯಲಿನ ಕಯೋಟಿ ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ, ಅಂದರೆ ಪ್ರೇರಿ ಡಾಗ್‌ನ ಹತ್ತು ಪಟ್ಟಿಗೂ ಮಿಗಿಲು. ಚಳಿಗಾಲದ ದಟ್ಟ ತುಪ್ಪಳ, ಅದರಡಿಯ ಭುಜದ ಮೂಳೆ ಮತ್ತು ಸ್ನಾಯುಗಳನ್ನು ದಾಟಿ ಎದೆಗೂಡಿನೊಳಗೆ ಹೋದ ಮೇಲೆ ಗುಂಡು ಒಡೆಯಬೇಕು. ಆ ಮೊದಲ ಚಳಿಗಾಲದಲ್ಲಿ, ಇನ್ನೊಂದು ಕಂಪನಿಯ ಬಹಳ ತೆಳುಗವಚದ 40 ಗ್ರೇನ್ ಗುಂಡಿನಿಂದ, ಕೇವಲ 60 ಗಜ ದೂರದಲ್ಲಿ ನಿಂತಿದ್ದ ಹೆಣ್ಣು ಕಯೋಟಿಯ ಭುಜಕ್ಕೆ ಹೊಡೆದೆ. ಅದು ಬಿತ್ತು, ಎದ್ದಿತು, ಮೂರು ಕಾಲಿನಲ್ಲಿ ಓಡಿತು. ಹಿಮದ ಮೇಲಿನ ರಕ್ತದ ಜಾಡು ಹಿಡಿದು ಒಂದೂವರೆ ಗಂಟೆ ನಡೆದು ಎರಡನೆಯ ಈಡಿನಿಂದ ಅದರ ಸಂಕಟವನ್ನು ಮುಗಿಸಿದೆ. ನೋಡಿದರೆ ಮೊದಲ ಗುಂಡು ಮೂಳೆಯ ಮೇಲೆಯೇ ಒಡೆದು ಅಂಗೈ ಅಗಲದ ಗಾಯ ಮಾಡಿತ್ತು, ಎದೆಯೊಳಗೆ ಹೋಗಿರಲೇ ಇಲ್ಲ. ಹತ್ತಿರದಿಂದ ಹೊಡೆದರೆ ಹೆಚ್ಚು ಖಚಿತ ಎಂಬ ನನ್ನ ನಂಬಿಕೆ ಅಂದು ಕುಸಿಯಿತು. ಹತ್ತಿರದಲ್ಲಿ ವೇಗ ಅತ್ಯಧಿಕವಾಗಿರುವುದರಿಂದಲೇ ಹಗುರ ಗುಂಡು ಬೇಗ ಒಡೆಯುತ್ತದೆ. ಆ ದಿನವನ್ನು ನಾನು ಮರೆತಿಲ್ಲ, ಮರೆಯಲೂ ಬಾರದು. ಕರುಗಳನ್ನು ಉಳಿಸಲು ಕೊಲ್ಲುವುದೇ ಆದರೆ ಒಂದೇ ಈಡಿನಲ್ಲಿ, ಆ ಪ್ರಾಣಿಗೆ ತಿಳಿಯುವ ಮೊದಲೇ ಮುಗಿಸುವುದು ಕೋವಿ ಹಿಡಿದವನ ಹೊಣೆ.

ಎರಡನೆಯ ವರ್ಷ 55ಕ್ಕೆ ಬಂದೆ. .223 ಕೋವಿಗೆ ಕಣ್ಣುಮುಚ್ಚಿ ಒಂದು ತೂಕ ಹೇಳಬೇಕೆಂದರೆ ಇಲ್ಲಿನ ಹಳಬರು ಹೇಳುವುದು ಇದನ್ನೇ, ಮತ್ತು ಅವರ ಮಾತಿನಲ್ಲಿ ಹುರುಳಿದೆ. ಸಿಯೆರಾ ಕಂಪನಿಯ ಹಸಿರು ತುದಿಯ ಬ್ಲಿಟ್ಜ್‌ಕಿಂಗ್ ಮತ್ತು ಹಾರ್ನಡಿಯ ಕೆಂಪು ತುದಿಯ ವಿ-ಮ್ಯಾಕ್ಸ್ ಎರಡನ್ನೂ ಆ ತೂಕದಲ್ಲಿ ಬಳಸಿದ್ದೇನೆ. ಎದೆಗೆ ತಗುಲಿದ ಯಾವ ಕಯೋಟಿಯೂ ಇಪ್ಪತ್ತು ಹೆಜ್ಜೆ ಮೀರಿ ಓಡಲಿಲ್ಲ. ಹಾಗಿದ್ದೂ ನಾನು 55ರಲ್ಲಿ ನಿಲ್ಲದಿರಲು ಕಾರಣ ಇಲ್ಲಿನ ಗಾಳಿ.

ನಮ್ಮ ಸೀಮೆಯ ಡಾಡ್ಜ್ ಸಿಟಿ ಅಮೆರಿಕದಲ್ಲಿ ಅತಿ ಹೆಚ್ಚು ಗಾಳಿ ಬೀಸುವ ಊರುಗಳಲ್ಲೊಂದು. ಗಂಟೆಗೆ ಹತ್ತು ಮೈಲಿ ವೇಗದ ಗಾಳಿಯನ್ನು ಇಲ್ಲಿ ಯಾರೂ ಗಾಳಿ ಎಂದೇ ಕರೆಯುವುದಿಲ್ಲ. ಅಷ್ಟೇ ಗಾಳಿ ಅಡ್ಡಲಾಗಿ ಬೀಸಿದರೆ, 300 ಗಜ ದೂರಕ್ಕೆ ಹೋಗುವಷ್ಟರಲ್ಲಿ 40 ಗ್ರೇನ್ ವಿ-ಮ್ಯಾಕ್ಸ್ ಸುಮಾರು ಹನ್ನೊಂದೂವರೆ ಅಂಗುಲ, 55 ಗ್ರೇನಿನದು ಸುಮಾರು ಹತ್ತು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಕಯೋಟಿಯ ಎದೆಯಲ್ಲಿ ಮರ್ಮಕ್ಕೆ ತಾಗುವ ಜಾಗವೇ ಎಂಟೊಂಬತ್ತು ಅಂಗುಲದ್ದು ಎಂಬುದನ್ನು ನೆನಪಿಟ್ಟರೆ ಈ ಅಂಕಿಗಳ ಅರ್ಥ ತಿಳಿಯುತ್ತದೆ. ಭಾರ ಹೆಚ್ಚಿಸಿದರೆ ಸರಿಹೋದೀತೆಂದು 60 ಗ್ರೇನ್ ತಂದೆ; ಅದು ಸೆಕೆಂಡಿಗೆ 3100 ಅಡಿ ಆಸುಪಾಸಿನಲ್ಲಿ ಹೊರಡುವುದರಿಂದ ಗಾಳಿಯಲ್ಲಿ 55ಕ್ಕಿಂತ ಉತ್ತಮವಾಗಲಿಲ್ಲ, ಗುಂಡು ಇಳಿಯುವುದು ಮಾತ್ರ ಹೆಚ್ಚಿತು.

53 ಗ್ರೇನ್ ಗುಂಡು ತೂಕದಲ್ಲಿ 55ಕ್ಕಿಂತ ಎರಡು ಗ್ರೇನ್ ಕಡಿಮೆ, ಆದರೆ ಅದರ ಮೈ ಉದ್ದ, ಮೂತಿ ನೀಳ. ಗಾಳಿಯನ್ನು ಸೀಳಿಕೊಂಡು ವೇಗ ಉಳಿಸಿಕೊಳ್ಳುವ ಸಾಮರ್ಥ್ಯವನ್ನು ಸೂಚಿಸುವ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್ ಎಂಬ ಅಂಕಿ 40 ಗ್ರೇನ್ ವಿ-ಮ್ಯಾಕ್ಸ್‌ಗೆ .200, 55ಕ್ಕೆ .255, 60ಕ್ಕೆ .265; 53ಕ್ಕೆ .290. ತಯಾರಕರು ಹೇಳುವ ವೇಗ ಸೆಕೆಂಡಿಗೆ 3465 ಅಡಿ. ಇವೆರಡೂ ಕೂಡಿದಾಗ 300 ಗಜದಲ್ಲಿ ಗಾಳಿಯ ಸರಿತ ಎಂಟೂವರೆ ಅಂಗುಲಕ್ಕೆ ಇಳಿಯುತ್ತದೆ, ಅಲ್ಲಿ ಉಳಿಯುವ ಶಕ್ತಿ 700 ಅಡಿ-ಪೌಂಡ್ ದಾಟುತ್ತದೆ; ಅದೇ ದೂರದಲ್ಲಿ 55ರಲ್ಲಿ ಉಳಿಯುವುದು 575ರಷ್ಟು, 40ರಲ್ಲಿ 480ರಷ್ಟು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ತೂಕದ ಅಂಕಿಯನ್ನಷ್ಟೇ ನೋಡಿದ್ದರೆ 53 ಮತ್ತು 55ರ ನಡುವೆ ವ್ಯತ್ಯಾಸವೇ ಇಲ್ಲವೆಂದು ನಾನು ಮುಂದೆ ಹೋಗಿಬಿಡುತ್ತಿದ್ದೆ. ತೂಕವೆಂಬುದು ಗುಂಡಿನ ಒಂದು ಗುಣವಷ್ಟೇ. ಆಕಾರ, ಕವಚದ ದಪ್ಪ, ಹೊರಡುವ ವೇಗ ಇವುಗಳ ಜೊತೆಗಿಟ್ಟೇ ಅದನ್ನು ಓದಬೇಕು.

ಕಂಪನಿಯ ವೇಗದ ಅಂಕಿ 24 ಅಂಗುಲದ ಪರೀಕ್ಷಾ ನಳಿಗೆಯದು. ನನ್ನ 22 ಅಂಗುಲದ ನಳಿಗೆಯಲ್ಲಿ ವೇಗಮಾಪಕ ಇಟ್ಟು ಅಳೆದಾಗ ಬಂದ ಸರಾಸರಿ 3390 ಅಡಿ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಜನವರಿ ಮುಂಜಾವಿನಲ್ಲಿ ಅದು 3320ಕ್ಕೆ ಇಳಿದಿತ್ತು. 100 ಗಜದಲ್ಲಿ ಐದು ಈಡುಗಳ ಗುಂಪು ಮುಕ್ಕಾಲು ಅಂಗುಲದೊಳಗೆ ಕೂರುತ್ತದೆ, 53ಕ್ಕೆ ಬಂದ ಮೇಲೆ ಕೊಂಡ ಬೇರೆ ಬೇರೆ ಲಾಟಿನ ಪೆಟ್ಟಿಗೆಗಳಲ್ಲೂ ಇದು ಬಹಳ ಬದಲಾಗಿಲ್ಲ. 200 ಗಜಕ್ಕೆ ಸೊನ್ನೆ ಕೂರಿಸಿದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ತಾಗುವಂತೆ ಕೋವಿಯ ದುರ್ಬೀನನ್ನು ಹೊಂದಿಸಿದರೆ, 250 ಗಜದವರೆಗೆ ಎದೆಯ ನಡುವಿಗೇ ಗುರಿಯಿಟ್ಟು ಹೊಡೆಯಬಹುದು, ಲೆಕ್ಕ ಹಾಕುವ ಅಗತ್ಯವಿಲ್ಲ. ಬೇಟೆಗಾರ ಸೆಳೆಯಲು ಹೊರಡಿಸುವ ಕರೆಗೂಗಿಗೆ ಓಡಿಬರುವ ಕಯೋಟಿ ನಿಲ್ಲುವುದು ಎರಡು ಮೂರು ಸೆಕೆಂಡು. ಆಗ ಲೆಕ್ಕಕ್ಕೆ ಸಮಯವೂ ಇರುವುದಿಲ್ಲ.

ಆದರೆ ನನ್ನ ಕೋವಿಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗೀತೆಂದು ನಾನು ಹೇಳಲಾರೆ. ನಳಿಗೆಯ ಒಳಗಿನ ತಿರುಚು ಗೀರುಗಳು ಎಷ್ಟು ಅಂಗುಲಕ್ಕೆ ಒಂದು ಸುತ್ತು ಬರುತ್ತವೆ ಎಂಬ ಅಳತೆಯನ್ನು ಇಲ್ಲಿ ಟ್ವಿಸ್ಟ್ ಎನ್ನುತ್ತಾರೆ. ನನ್ನದು ಒಂಬತ್ತು ಅಂಗುಲಕ್ಕೆ ಒಂದು ಸುತ್ತು; 3465 ಅಡಿ ವೇಗದ ಗುಂಡು ಅದರಿಂದ ಹೊರಬರುವಾಗ ನಿಮಿಷಕ್ಕೆ ಸುಮಾರು 2,77,000 ಸುತ್ತು ತಿರುಗುತ್ತಿರುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ನೇರ ನಿಲ್ಲಿಸಲು ಹೆಚ್ಚು ತಿರುಗಣೆ ಬೇಕು. ಬೇಕಾದದ್ದು ತೂಕಕ್ಕಲ್ಲ, ಉದ್ದಕ್ಕೆ. ಹಳೆಯ ವಾರ್ಮಿಂಟ್ ರೈಫಲ್‌ಗಳಲ್ಲಿ 12 ಅಥವಾ 14 ಅಂಗುಲದ ಟ್ವಿಸ್ಟ್ ಇರುತ್ತದೆ. ಅಂಥವರು ಉದ್ದ ಗುಂಡನ್ನು ಮೊದಲು ಕಾಗದದ ಮೇಲೆ ಹೊಡೆದು, ತೂತು ದುಂಡಗಿದೆಯೇ ಓರೆಯಾಗಿದೆಯೇ ಎಂದು ನೋಡಲೇಬೇಕು. ಇನ್ನೊಂದು ತುದಿಯಲ್ಲಿ ಏಳು ಅಂಗುಲದ ಟ್ವಿಸ್ಟ್ ಇರುವವರು 3800 ಅಡಿ ವೇಗದ 40 ಗ್ರೇನ್ ಹಾರಿಸಿದರೆ ತಿರುಗಣೆ ನಿಮಿಷಕ್ಕೆ 3,90,000 ಸುತ್ತಿಗೆ ಏರುತ್ತದೆ. ತೀರ ತೆಳುಗವಚದ ಗುಂಡು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಸಿಡಿದುಹೋಗುವುದುಂಟು.

ಭಾರದ 75, 77 ಗ್ರೇನ್ ಗುಂಡುಗಳು ಹೆಚ್ಚಾಗಿ ಗುರಿ ಹೊಡೆಯುವ ಸ್ಪರ್ಧೆಗೆಂದು ಮಾಡಿದವು, ಅವು ಪ್ರಾಣಿಯಲ್ಲಿ ಖಚಿತವಾಗಿ ಅರಳುವಂತೆ ರೂಪಿಸಿದವಲ್ಲ. ಅಗ್ಗವಾಗಿ ಸಿಗುವ ಪೂರ್ತಿ ಕವಚದ 55 ಮತ್ತು 62 ಗ್ರೇನ್ ಗುಂಡುಗಳನ್ನು ಅಭ್ಯಾಸಕ್ಕಷ್ಟೇ ಇಟ್ಟುಕೊಳ್ಳಿ. ಅವು ಸೂಜಿಯಂತೆ ತೂರಿಹೋಗಿ ಪ್ರಾಣಿಯನ್ನು ನಿಧಾನವಾಗಿ ಸಾಯಿಸುತ್ತವೆ ಮತ್ತು ಪುಟಿಯುತ್ತವೆ. .204 ರೂಗರ್, .22-250, .243 ವಿಂಚೆಸ್ಟರ್ ಎಂಬ ಬೇರೆ ಅಳತೆಯ ತೋಟೆಗಳನ್ನು ಬಳಸುವವರಿಗೂ ಇದೇ ತರ್ಕ ಹೊಂದುತ್ತದೆ, ಅಂಕಿಗಳು ಮಾತ್ರ ಬೇರೆ.

ಒಂದು ಎಚ್ಚರಿಕೆಯನ್ನು ನನ್ನ ತಪ್ಪಿನಿಂದಲೇ ಹೇಳಬೇಕು. 2020ರಿಂದ ಮುಂದಿನ ಎರಡು ವರ್ಷ ಅಮೆರಿಕದಾದ್ಯಂತ ತೋಟೆಗಳ ಕೊರತೆಯಾದಾಗ ಅಂಗಡಿಗಳ ಕಪಾಟುಗಳು ಬರಿದಾಗಿದ್ದವು. ಸಿಕ್ಕಿದ ಒಂದು ಪೆಟ್ಟಿಗೆ 50 ಗ್ರೇನನ್ನು ತಂದು, ಮೂರು ಗ್ರೇನ್ ತಾನೇ ಎಂದುಕೊಂಡು ಸೊನ್ನೆ ಪರೀಕ್ಷಿಸದೆ ಹೊರಟೆ. ಎರಡು ಕಯೋಟಿಗಳು ತಪ್ಪಿಹೋದವು. ಮನೆಗೆ ಬಂದು ಕಾಗದಕ್ಕೆ ಹೊಡೆದರೆ 100 ಗಜದಲ್ಲೇ ಗುಂಪು ಒಂದೂವರೆ ಅಂಗುಲ ಎಡಕ್ಕೂ ಮೇಲಕ್ಕೂ ಹೋಗಿತ್ತು. ಅವು ಗಾಯಗೊಳ್ಳದೆ ತಪ್ಪಿಸಿಕೊಂಡವು ಎಂಬುದೊಂದೇ ಸಮಾಧಾನ. ತೂಕ ಬದಲಿಸಿದ ದಿನ ಹೊಸದಾಗಿ ಸೊನ್ನೆ ಕೂರಿಸದೆ ಹೊಲಕ್ಕಿಳಿಯಬೇಡಿ.

ಕೊರತೆಗಳೂ ಇವೆ. 53ರ ತೋಟೆ ಸಾಮಾನ್ಯ 55ಕ್ಕಿಂತ ದುಬಾರಿ, ದಿನಕ್ಕೆ ನೂರೈವತ್ತು ಈಡು ಹೋಗುವ ಪ್ರೇರಿ ಡಾಗ್ ಬೇಟೆಗೆ ನಾನು ಇದನ್ನು ಬಳಸುವುದಿಲ್ಲ. ಒಡೆಯುವ ಎಲ್ಲ ಗುಂಡುಗಳಂತೆ ಓರೆಯಾಗಿ ತಗುಲಿದಾಗ ತೊಗಲನ್ನು ಹರಿಯುತ್ತದೆ, ತುಪ್ಪಳ ಮಾರುವವರಿಗೆ ಇದು ನಷ್ಟ. ನನಗೆ ಹೆಚ್ಚು ಕಳವಳ ತರುವುದು ಒಳಗಿನ ಸೀಸ. ಚಳಿಗಾಲದಲ್ಲಿ ಹದ್ದುಗಳು ಸತ್ತ ಪ್ರಾಣಿಗಳನ್ನು ತಿನ್ನಲು ಇಳಿಯುತ್ತವೆ, ಮಾಂಸದಲ್ಲಿ ಹರಡಿದ ಸೀಸದ ಚೂರು ಅವುಗಳಿಗೆ ವಿಷ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸರಹಿತ ಗುಂಡು ಕಡ್ಡಾಯ, ನಮ್ಮಲ್ಲಿ ಕಡ್ಡಾಯವಿಲ್ಲ. ಕಯೋಟಿಗಳನ್ನು ನಾನು ಹೂಳುತ್ತೇನೆ. ಪ್ರೇರಿ ಡಾಗ್‌ಗಳನ್ನು ಒಂದೊಂದಾಗಿ ಹೂಳುವುದು ಸಾಧ್ಯವಾಗದ್ದರಿಂದ ಎರಡು ಬೇಸಿಗೆಗಳಿಂದ ಅವಕ್ಕೆ ಬಾರ್ನ್ಸ್ ಕಂಪನಿಯ 36 ಗ್ರೇನ್ ವಾರ್ಮಿಂಟ್ ಗ್ರೆನೇಡ್ ಬಳಸುತ್ತಿದ್ದೇನೆ. ಅದರ ತಿರುಳು ತಾಮ್ರ ಮತ್ತು ತವರದ ಪುಡಿಯದು. ಆ ಬಿಲಗಳಲ್ಲಿ ಬಿಲಗೂಬೆಗಳೂ ವಾಸಿಸುತ್ತವೆ, ಮತ್ತು ಪ್ರೇರಿ ಡಾಗ್‌ಗಳನ್ನೇ ನಂಬಿ ಬದುಕುವ ಅಪರೂಪದ ಕರಿಗಾಲಿನ ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಗಳನ್ನು 2007ರಲ್ಲಿ ಇದೇ ರಾಜ್ಯದ ಲೋಗನ್ ಕೌಂಟಿಯಲ್ಲಿ ಮತ್ತೆ ಬಿಡಲಾಗಿದೆ. ದುರ್ಬೀನಿನಲ್ಲಿ ಎರಡು ಬಾರಿ ನೋಡಿ ಗುರುತು ಖಚಿತವಾದ ಮೇಲೆಯೇ ಬೆರಳು ಕುದುರೆಯ ಮೇಲೆ ಹೋಗಬೇಕು.

ಈ ಚಳಿಗಾಲಕ್ಕೆ ಒಂದೇ ಲಾಟಿನ ಆರು ಪೆಟ್ಟಿಗೆ 53 ಗ್ರೇನ್ ತಂದಿಟ್ಟಿದ್ದೇನೆ. ಅದರಲ್ಲಿ ಒಂದು ಪೆಟ್ಟಿಗೆ ಕಾಗದಕ್ಕೆ, ಉಳಿದವು ಬಯಲಿಗೆ. ಜೊತೆಗೆ ಸೀಸವಿಲ್ಲದ 50 ಗ್ರೇನ್ ತಾಮ್ರದ ಗುಂಡಿನ ಎರಡು ಪೆಟ್ಟಿಗೆಗಳೂ ಇವೆ. ಒಂಬತ್ತು ಅಂಗುಲದ ಟ್ವಿಸ್ಟ್ ಅದರ ಉದ್ದವನ್ನು ಹೇಗೆ ಹಿಡಿಯುತ್ತದೆಂದು ನೋಡಿ, ಮಾರ್ಚ್ ಮುಗಿದ ಮೇಲೆ ಇದೇ ವಿಮರ್ಶೆಗೆ ಆ ಅಂಕಿಗಳನ್ನು ಸೇರಿಸುತ್ತೇನೆ.