ಅಮ್ಮನ ಮಂಡಿ, ಮಕ್ಕಳ ನಿದ್ದೆ: ಶಿಕಾಗೋಗೆ ನಾವು ಹೋದ ಮೂರು ದಾರಿ

ಅಣ್ಣ, ಅತ್ತಿಗೆ ಇರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ಹೋಗಬೇಕಾದರೆ ಮಧ್ಯೆ ಎಲ್ಲಾದರೂ ಇಳಿದು ಹತ್ತಲೇಬೇಕು. ಹಾಸನದಿಂದ ಹುಬ್ಬಳ್ಳಿಗೆ ಹೋಗುವಾಗ ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಿದ ಹಾಗೆ ಅಂತಾರೆ ಅಮ್ಮ. ಸರಿ, ಆದರೆ ಈ ಅರಸೀಕೆರೆ ಎಲ್ಲಿರಬೇಕು? ನಾವು ಮೂರು ಸಲ ಹೋಗಿದ್ದೇವೆ, ಮೂರು ಸಲವೂ ಬೇರೆ ಬೇರೆ ದಾರಿ. 2019ರಲ್ಲಿ ಫ್ರಾಂಕ್‌ಫರ್ಟ್, 2023ರಲ್ಲಿ ದೆಹಲಿ, 2024ರಲ್ಲಿ ಅಬುಧಾಬಿ.

ಟಿಕೆಟ್ ಹುಡುಕುವಾಗ ಎಲ್ಲರೂ ನೋಡುವುದು ದುಡ್ಡು ಮತ್ತು ಒಟ್ಟು ಗಂಟೆ. ಮೊದಲ ಸಲ ನಾನೂ ಅಷ್ಟೇ ನೋಡಿದ್ದೆ. ಈಗ ನೋಡುವುದೇ ಬೇರೆ. ಉದ್ದದ ಹಾರಾಟ ಎಷ್ಟು ಗಂಟೆ? ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಅಮ್ಮನ ಮಂಡಿ ಯಾವ ಸ್ಥಿತಿಯಲ್ಲಿರುತ್ತದೆ?

ಫ್ರಾಂಕ್‌ಫರ್ಟ್ ದಾರಿಯ ಗುಣ ಏನೆಂದರೆ ಪ್ರಯಾಣ ಹೆಚ್ಚುಕಡಿಮೆ ಸರಿಯಾಗಿ ಎರಡು ಪಾಲಾಗುತ್ತದೆ. ಎರಡೂ ಹಾರಾಟ ಒಂಬತ್ತು-ಹತ್ತು ಗಂಟೆಯವು. ಆಗ ಮಗನಿಗೆ ಎರಡು ವರ್ಷ. ಮಧ್ಯರಾತ್ರಿ ಕಳೆದ ಮೇಲೆ ಬೆಂಗಳೂರು ಬಿಟ್ಟಿದ್ದರಿಂದ ಮೊದಲ ಪಾಲು ಪೂರ್ತಿ ನಿದ್ದೆ ಮಾಡಿದ. ಮಧ್ಯೆ ಮೂರು ಗಂಟೆ ಓಡಾಡಿಕೊಂಡಿದ್ದ. ಅಮೆರಿಕದ ವೀಸಾ ಇದ್ದಿದ್ದರಿಂದ ಜರ್ಮನಿಯ ಟ್ರಾನ್ಸಿಟ್ ವೀಸಾ ಬೇಕಾಗಲಿಲ್ಲ. ತೊಂದರೆ ಆಗಿದ್ದು ನಡಿಗೆಯದು. ವೀಲ್‌ಚೇರ್ ಬುಕ್ ಮಾಡ್ತೀನಿ ಅಂದರೆ ಅಮ್ಮ, "ನಾನೇನು ರೋಗಿಷ್ಟೆನಾ?" ಅಂದಿದ್ದರು. ನಾನೂ ಸುಮ್ನಾದೆ. ಅಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಹೋಗುವಾಗ ಮೂರು ಕಡೆ ಕೂತು ಸುಧಾರಿಸಿಕೊಂಡರು.

ಇನ್ನೊಂದು ಎಡವಟ್ಟು ಊಟದ್ದು, ಅದೂ ನನ್ನದೇ. ಟಿಕೆಟ್ ಮಾಡುವಾಗ ಅಮ್ಮನಿಗೆ 'ಹಿಂದೂ ಮೀಲ್' ಆರಿಸಿದ್ದೆ. ಮುಚ್ಚಳ ತೆಗೆದರೆ ಚಿಕನ್! ವಿಮಾನದ ಲೆಕ್ಕದಲ್ಲಿ ಹಿಂದೂ ಊಟ ಅಂದರೆ ದನದ ಮಾಂಸ ಇಲ್ಲದ ಊಟ, ಸಸ್ಯಾಹಾರ ಅಂತಲ್ಲ. ಆರಿಸಬೇಕಾಗಿದ್ದು 'ಏಷ್ಯನ್ ವೆಜಿಟೇರಿಯನ್'. ಅವತ್ತು ಅಮ್ಮನಿಗೆ ಬನ್ನು ಮತ್ತು ಕೋಡುಬಳೆಯೇ ಗತಿ.

ದೆಹಲಿ ದಾರಿ ಆರಿಸಿದ್ದು ಅಗ್ಗ ಅಂತ. ಆ ಹೊತ್ತಿಗೆ ಮಗಳೂ ಹುಟ್ಟಿದ್ದಳು, ಐದು ಟಿಕೆಟ್ ಬೇಕಾಗಿತ್ತು. ಹೊರಡುವಾಗಿನ ಇಮಿಗ್ರೇಶನ್ ನಮ್ಮ ದೇಶದ್ದೇ, ಬೋರ್ಡುಗಳೂ ಅರ್ಥವಾಗುತ್ತವೆ, ಅಷ್ಟು ಸಮಾಧಾನ. ಆಮೇಲೆ ಒಂದೇ ಸಮ ಹದಿನೈದು ಗಂಟೆಗೂ ಜಾಸ್ತಿ ಹಾರಾಟ. ಹತ್ತನೇ ಗಂಟೆಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಎರಡು ವರ್ಷದ ಮಗಳು ಸೀಟಿನಲ್ಲಿ ಕೂರಲೇ ಇಲ್ಲ. ನಾನೂ ಇವರೂ ಸರದಿಯಲ್ಲಿ ಅವಳನ್ನು ಎತ್ತಿಕೊಂಡು ಟಾಯ್ಲೆಟ್ ಪಕ್ಕ ನಿಂತಿದ್ದೆವು. ಶಿಕಾಗೋದಲ್ಲಿ ಇಳಿದಾಗ ಇಮಿಗ್ರೇಶನ್ ಸಾಲಿನಲ್ಲಿ ನಮ್ಮ ಮುಂದೆ ನಾಲ್ಕೈದು ವಿಮಾನದ ಜನ. ಈ ಸಲ ಅಮ್ಮ ವೀಲ್‌ಚೇರ್‌ಗೆ ಒಪ್ಪಿದ್ದರಿಂದ ಬಚಾವ್.

ವಾಪಸ್ ಬರುವಾಗ ಗೊತ್ತಾಗಿದ್ದು: ದೆಹಲಿಯಲ್ಲಿ ಪೆಟ್ಟಿಗೆ ಎಲ್ಲ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಬೆಂಗಳೂರಿಗೆ ಮತ್ತೆ ಹಾಕಬೇಕು. ಐದು ಜನಕ್ಕೆ ಹತ್ತು ಪೆಟ್ಟಿಗೆ. ಮಧ್ಯೆ ನಾನು ಇಟ್ಟುಕೊಂಡಿದ್ದು ಎರಡೂವರೆ ಗಂಟೆ. ಓಡಿದೆವು. ಕಡಿಮೆ ಅಂದರೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ಈಗ ಇನ್ನೂ ಒಂದು ವಿಷಯ ಸೇರಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಈ ದಾರಿ ಉದ್ದವಾಯಿತು. ಕೆಲವು ಹಾರಾಟಗಳು ಇಂಧನಕ್ಕೆ ಅಂತ ಯುರೋಪಿನಲ್ಲಿ ನಿಲ್ಲಬೇಕಾಯಿತು. 'ನೇರ' ಅನ್ನುವ ಮಾತನ್ನು ಟಿಕೆಟ್ ಮಾಡುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಅಬುಧಾಬಿ. ಉದ್ದದ ಹಾರಾಟ ಇಲ್ಲೂ ಕಡಿಮೆಯೇನಲ್ಲ. ಬೆಂಗಳೂರಿನಿಂದ ನಾಲ್ಕು ಗಂಟೆ, ಅಲ್ಲಿಂದ ಶಿಕಾಗೋಗೆ ಹದಿನೈದು ಗಂಟೆಯ ಹತ್ತಿರ. ಹಾಗಿದ್ದರೆ ದೆಹಲಿಗಿಂತ ಏನು ಲಾಭ, ಅಲ್ವಾ? ಲಾಭ ಇರುವುದು ಆ ವಿಮಾನ ನಿಲ್ದಾಣದೊಳಗೆ. ಅಮೆರಿಕದ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತವೆ. 2014ರಿಂದ ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ದುಬೈ, ದೋಹಾದಲ್ಲಿ ಈ ಸೌಲಭ್ಯ ಇಲ್ಲ. ಶಿಕಾಗೋದಲ್ಲಿ ಇಳಿದಾಗ ನಾವು ಆ ದೇಶದೊಳಗೇ ಹಾರಿ ಬಂದವರ ಲೆಕ್ಕ. ಪೆಟ್ಟಿಗೆ ತೆಗೆದುಕೊಂಡು ಹೊರಗೆ ನಡೆದರಾಯಿತು.

ಅಮ್ಮನಂಥವರಿಗೆ ಇದು ಚಿಕ್ಕ ವಿಷಯ ಅಲ್ಲ. ನಾಲ್ಕೇ ಗಂಟೆ ಕೂತು ಬಂದಿದ್ದರು, ಕಾಲು ಊದಿರಲಿಲ್ಲ, ತಲೆ ಚುರುಕಾಗಿತ್ತು. ಎಷ್ಟು ದಿನ ಇರ್ತೀರಿ, ಯಾರ ಮನೆಗೆ ಅಂತ ಅಧಿಕಾರಿ ಕೇಳಿದಾಗ ನಾನು ಕನ್ನಡದಲ್ಲಿ ಹೇಳಿದೆ, ಅಮ್ಮ ನಗುನಗುತ್ತಾ ಉತ್ತರ ಕೊಟ್ಟರು. ಹದಿನೈದು ಗಂಟೆ ಆದ ಮೇಲೆ ಇದೇ ಪ್ರಶ್ನೆ ಕೇಳಿದ್ದರೆ ಅಣ್ಣನ ಹೆಸರೂ ಮರೆತಿರುತ್ತಿದ್ದರೇನೋ.

ತಿಂಡಿ ಏನಾದರೂ ಇದೆಯಾ ಅಂದಾಗ ಮಾತ್ರ ನನ್ನ ಎದೆ ಢವ ಅಂದಿತು. ಅಮ್ಮನ ಕೈಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಕರಿಬೇವು! ಅಮೆರಿಕಕ್ಕೆ ಕರಿಬೇವು ಒಯ್ಯುವ ಹಾಗಿಲ್ಲ. ಅಲ್ಲಿನ ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಹುಳ ಈ ಗಿಡದ ಮೇಲೂ ಬದುಕುತ್ತದೆ. ಇದೆ ಅಂತ ನಾವೇ ಹೇಳಿದ್ದರಿಂದ ತೆಗೆದಿಟ್ಟುಕೊಂಡು ಕಳಿಸಿದರು. ಮುಚ್ಚಿಟ್ಟರೆ ದಂಡ ಬೀಳಬಹುದು. ಹಪ್ಪಳ, ಚಟ್ನಿಪುಡಿ, ಹುಳಿಪುಡಿ ದೊಡ್ಡ ಪೆಟ್ಟಿಗೆಯಲ್ಲಿದ್ದವು, ಅವುಗಳ ತಂಟೆಗೆ ಯಾರೂ ಬರಲಿಲ್ಲ. ಅಣ್ಣನಿಗಾಗಿ ಹಿತ್ತಲಲ್ಲಿ ಕಿತ್ತ ಕರಿಬೇವು ಅಂತ ಅಮ್ಮ ವಿಮಾನ ಹತ್ತುವವರೆಗೂ ಗೊಣಗುತ್ತಿದ್ದರು.

ಒಂದು ಎಚ್ಚರಿಕೆ. ಅಲ್ಲಿ ಸೆಕ್ಯುರಿಟಿ ತಪಾಸಣೆ ಇನ್ನೊಮ್ಮೆ ಆಗುತ್ತದೆ, ಆಮೇಲೆ ಇಮಿಗ್ರೇಶನ್. ಹಾಗಾಗಿ ಮಧ್ಯೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿ ಬೂಟು ಬಿಚ್ಚಿಸುವುದು ನಮಗೇನೂ ಖುಷಿಯ ಕೆಲಸ ಆಗಿರಲಿಲ್ಲ. ಮಕ್ಕಳಷ್ಟೇ ಇದ್ದಿದ್ದರೆ ನಾನು ಈಗಲೂ ಫ್ರಾಂಕ್‌ಫರ್ಟ್ ಅನ್ನುತ್ತಿದ್ದೆ. ಅಮ್ಮ ಇದ್ದರೆ ಅಬುಧಾಬಿ.

ಈ ಲಾಭ ಹೋಗುವಾಗ ಮಾತ್ರ, ಬರುವಾಗ ಇಲ್ಲ. ಅದಕ್ಕೆ ಮುಂದಿನ ಸಲ ಅಬುಧಾಬಿ ಮೇಲೆ ಹೋಗಿ ಫ್ರಾಂಕ್‌ಫರ್ಟ್ ಮೇಲೆ ಬರೋಣ ಅಂತ ಲೆಕ್ಕ ಹಾಕಿದೆ. ಎರಡು ಬಿಡಿ ಟಿಕೆಟ್‌ಗಳ ರೇಟು ನೋಡಿ ಇವರು ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.